ವೈದ್ಯಕೀಯ ಕಾಲೇಜುಗಳ ಆಯ್ಕೆ (ಕರ್ನಾಟಕ)

ವೈದ್ಯಕೀಯ ಕಾಲೇಜುಗಳ ಆಯ್ಕೆ ಎಂಬುದು ನೀಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದ ಅಭ್ಯರ್ಥಿಯು ಎಂ.ಬಿ.ಬಿ.ಎಸ್. ಪದವಿಗಾಗಿ ತಾನು ಸೇರಲು ಬಯಸುವ ಕಾಲೇಜುಗಳನ್ನೂ ಸೀಟಿನ ವಿಧಗಳನ್ನೂ ಆದ್ಯತೆಯ ಕ್ರಮದಲ್ಲಿ ದಾಖಲಿಸುವ ಪ್ರಕ್ರಿಯೆಯಾಗಿದೆ. ಕರ್ನಾಟಕದಲ್ಲಿ ಇದನ್ನು ಸಾಮಾನ್ಯವಾಗಿ 'ಇಚ್ಛೆಗಳ ದಾಖಲು' ಅಥವಾ 'ಆಪ್ಷನ್ ಎಂಟ್ರಿ' ಎಂದು ಕರೆಯುತ್ತಾರೆ. ರಾಜ್ಯದ ಪಾಲಿನ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು (ಕೆಇಎ) ಹಂಚುತ್ತದೆ. ಅಖಿಲ ಭಾರತ ಕೋಟಾ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನು ಕೇಂದ್ರದ ವೈದ್ಯಕೀಯ ಸಮಾಲೋಚನಾ ಸಮಿತಿಯು (ಎಂಸಿಸಿ) ಹಂಚುತ್ತದೆ. ಯಾವ ಸೀಟು ದೊರೆಯುತ್ತದೆ ಎಂಬುದು ರ್‍ಯಾಂಕಿನ ಜೊತೆಗೆ ಇಚ್ಛೆಗಳನ್ನು ದಾಖಲಿಸಿದ ಕ್ರಮವನ್ನೂ ಅವಲಂಬಿಸಿರುವುದರಿಂದ, ಒಂದೇ ರ್‍ಯಾಂಕ್ ಶ್ರೇಣಿಯ ಇಬ್ಬರು ಅಭ್ಯರ್ಥಿಗಳ ಶಿಕ್ಷಣದ ವೆಚ್ಚದಲ್ಲಿ ಹಲವು ಲಕ್ಷ ರೂಪಾಯಿಗಳ ವ್ಯತ್ಯಾಸ ಉಂಟಾಗಬಹುದು.

ಹಿನ್ನೆಲೆ

ಮೈಸೂರು ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು 1953ರಲ್ಲಿ, ಬೆಂಗಳೂರು ವೈದ್ಯಕೀಯ ಕಾಲೇಜು 1955ರಲ್ಲಿ ಹಾಗೂ ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಕಾಲೇಜು 1957ರಲ್ಲಿ ಸ್ಥಾಪನೆಯಾದವು. ಮುಂದಿನ ದಶಕಗಳಲ್ಲಿ ಖಾಸಗಿ ಕಾಲೇಜುಗಳ ಸಂಖ್ಯೆ ಹೆಚ್ಚಿದಂತೆ ಕ್ಯಾಪಿಟೇಷನ್ ಶುಲ್ಕದ ಸಮಸ್ಯೆಯೂ ತಲೆದೋರಿತು. ಇದನ್ನು ತಡೆಯಲು ರಾಜ್ಯವು 1984ರಲ್ಲಿ ಕಾಯ್ದೆಯೊಂದನ್ನು ಜಾರಿಗೆ ತಂದಿತು. ಕರ್ನಾಟಕದಿಂದಲೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಮೋಹಿನಿ ಜೈನ್ (1992) ಮತ್ತು ಟಿ.ಎಂ.ಎ. ಪೈ ಪ್ರತಿಷ್ಠಾನ (2002) ಪ್ರಕರಣಗಳ ತೀರ್ಪುಗಳು ಖಾಸಗಿ ವೃತ್ತಿಶಿಕ್ಷಣದ ಪ್ರವೇಶ ಮತ್ತು ಶುಲ್ಕದ ನಿಯಮಗಳ ಮೇಲೆ ದೇಶದಾದ್ಯಂತ ಪ್ರಭಾವ ಬೀರಿದವು.

ರಾಜ್ಯದಲ್ಲಿ 1994ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ಮೂಲಕ ಸೀಟು ಹಂಚಿಕೆ ನಡೆಯುತ್ತಿತ್ತು. ಖಾಸಗಿ ಕಾಲೇಜುಗಳ ತಮ್ಮ ಪಾಲಿನ ಸೀಟುಗಳಿಗೆ ಕಾಮೆಡ್-ಕೆ ಪ್ರತ್ಯೇಕ ಪರೀಕ್ಷೆ ನಡೆಸುತ್ತಿತ್ತು. 2016ರಲ್ಲಿ ನೀಟ್ ಕಡ್ಡಾಯವಾದ ನಂತರ ಎಂ.ಬಿ.ಬಿ.ಎಸ್. ಪ್ರವೇಶಕ್ಕೆ ಅದೊಂದೇ ಪರೀಕ್ಷೆಯಾಯಿತು. 2017ರಿಂದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಲು ಅವಕಾಶವಿದೆ. 2020ರ ಸೆಪ್ಟೆಂಬರ್ 25ರಂದು ಭಾರತೀಯ ವೈದ್ಯಕೀಯ ಮಂಡಳಿಯ ಸ್ಥಾನದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು (ಎನ್‌ಎಂಸಿ) ಕಾರ್ಯಾರಂಭ ಮಾಡಿತು.

ಸೀಟುಗಳ ವಿಧಗಳು

ಸರ್ಕಾರಿ ಕಾಲೇಜುಗಳ ಶೇ. 15ರಷ್ಟು ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಸೇರುತ್ತವೆ. ಉಳಿದ ಶೇ. 85ರಷ್ಟು ಸೀಟುಗಳನ್ನು ಕೆಇಎ ರಾಜ್ಯದ ಅಭ್ಯರ್ಥಿಗಳಿಗೆ ಹಂಚುತ್ತದೆ. ಖಾಸಗಿ ಕಾಲೇಜುಗಳ ಸೀಟುಗಳನ್ನು ಸರ್ಕಾರಿ ಕೋಟಾ (ಜಿ), ಖಾಸಗಿ ಕೋಟಾ (ಪಿ), ಅನಿವಾಸಿ ಭಾರತೀಯರ ಕೋಟಾ (ಎನ್) ಮತ್ತು ಇತರೆ (ಕ್ಯೂ) ಎಂದು ವಿಂಗಡಿಸಲಾಗುತ್ತದೆ. ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಈ ಪ್ರಮಾಣ ಭಿನ್ನವಾಗಿರುತ್ತದೆ. ಒಂದೇ ಕಾಲೇಜಿನ ಜಿ ಸೀಟು ಮತ್ತು ಪಿ ಸೀಟುಗಳಲ್ಲಿ ತರಗತಿ, ಬೋಧಕರು, ಆಸ್ಪತ್ರೆ ಮತ್ತು ಪದವಿ ಎಲ್ಲವೂ ಒಂದೇ ಆಗಿದ್ದು, ಶುಲ್ಕದಲ್ಲಿ ಮಾತ್ರ ಹಲವು ಪಟ್ಟು ಅಂತರವಿರುತ್ತದೆ. ಆದ್ದರಿಂದ ಇವೆರಡನ್ನೂ ಬೇರೆ ಬೇರೆ ಇಚ್ಛೆಗಳೆಂದು ಪರಿಗಣಿಸಲಾಗುತ್ತದೆ.

ಮಣಿಪಾಲ ಮತ್ತು ಮಂಗಳೂರಿನ ಕಸ್ತೂರಬಾ ವೈದ್ಯಕೀಯ ಕಾಲೇಜುಗಳು, ಮೈಸೂರಿನ ಜೆಎಸ್‌ಎಸ್, ಮಂಗಳೂರಿನ ಯೆನೆಪೋಯ ಮುಂತಾದವು ಡೀಮ್ಡ್ ವಿಶ್ವವಿದ್ಯಾಲಯಗಳ ಅಡಿಯಲ್ಲಿವೆ. ಇವುಗಳಿಗೆ ಸೇರಬಯಸುವವರು ಎಂಸಿಸಿಯಲ್ಲಿ ನೋಂದಾಯಿಸಿಕೊಳ್ಳಬೇಕಾಗುತ್ತದೆ. ಡೀಮ್ಡ್ ಸೀಟುಗಳಿಗೆ ನೋಂದಣಿ ಶುಲ್ಕವಲ್ಲದೆ 2 ಲಕ್ಷ ರೂಪಾಯಿಗಳ ಭದ್ರತಾ ಠೇವಣಿಯನ್ನೂ ಇಡಬೇಕಾಗುತ್ತದೆ.

ಅರ್ಹತೆ ಮತ್ತು ಮೀಸಲಾತಿ

ನೀಟ್‌ನಲ್ಲಿ ಅರ್ಹತೆ ಪಡೆದ ಮಾತ್ರಕ್ಕೆ ರಾಜ್ಯದ ಸೀಟಿಗೆ ಹಕ್ಕು ದೊರೆಯುವುದಿಲ್ಲ. ಅಭ್ಯರ್ಥಿಯು ಕೆಇಎಯಲ್ಲಿ ಪ್ರತ್ಯೇಕವಾಗಿ ನೋಂದಾಯಿಸಿ, ದಾಖಲೆಗಳ ಪರಿಶೀಲನೆಗೆ ಒಳಗಾಗಬೇಕು. ಸರ್ಕಾರಿ ಕೋಟಾದ ಸೀಟಿಗೆ ಸಾಮಾನ್ಯವಾಗಿ ಬಳಕೆಯಾಗುವ ನಿಯಮದಂತೆ, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು ಹಾಗೂ ಹತ್ತನೇ ತರಗತಿ ಅಥವಾ ದ್ವಿತೀಯ ಪಿಯುಸಿಯನ್ನು ರಾಜ್ಯದಲ್ಲಿಯೇ ಪೂರೈಸಿರಬೇಕು. ರಾಜ್ಯದ ಹೊರಗೆ ಓದಿದ ಹೊರನಾಡು ಕನ್ನಡಿಗರಿಗೆ ಹಾಗೂ ಕಾಸರಗೋಡು, ಜತ್ತ, ಅಕ್ಕಲಕೋಟೆ ಮೊದಲಾದ ಗಡಿ ಪ್ರದೇಶಗಳ ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ನಿಯಮಗಳಿವೆ. ಇವರಿಗಾಗಿ ಕೆಇಎ ಕನ್ನಡ ಭಾಷಾ ಪರೀಕ್ಷೆಯನ್ನು ನಡೆಸುತ್ತದೆ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗಗಳ (ಪ್ರವರ್ಗ-1, 2ಎ, 2ಬಿ, 3ಎ, 3ಬಿ) ಮೀಸಲಾತಿಯ ಒಳಗೆ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15 ಮತ್ತು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟು ಸೀಟುಗಳು ಮೀಸಲಾಗಿವೆ. ಸಾಮಾನ್ಯ ವರ್ಗದಲ್ಲಿಯೂ ಈ ಸೌಲಭ್ಯವಿದೆ. ಸಂವಿಧಾನದ 371(ಜೆ) ವಿಧಿಯ ಅನ್ವಯ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಸ್ಥಳೀಯ ಅಭ್ಯರ್ಥಿಗಳಿಗೆ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇ. 70 ಮತ್ತು ರಾಜ್ಯದ ಇತರ ಭಾಗದ ಸಂಸ್ಥೆಗಳಲ್ಲಿ ಶೇ. 8ರಷ್ಟು ಮೀಸಲಾತಿ ದೊರೆಯುತ್ತದೆ. ಇದಕ್ಕೆ ಉಪವಿಭಾಗಾಧಿಕಾರಿಯವರು ನೀಡುವ ಅರ್ಹತಾ ಪ್ರಮಾಣಪತ್ರ ಅಗತ್ಯ. ಅರ್ಜಿಯಲ್ಲಿ ಕೋರದ ಅಥವಾ ಪರಿಶೀಲನೆಯಲ್ಲಿ ದೃಢಪಡದ ಮೀಸಲಾತಿಯನ್ನು ಸೀಟು ಹಂಚಿಕೆಯ ವೇಳೆ ಪರಿಗಣಿಸಲಾಗುವುದಿಲ್ಲ.

ಹಂಚಿಕೆಯ ವಿಧಾನ

ಸೀಟು ಹಂಚಿಕೆಯು ರ್‍ಯಾಂಕಿನ ಕ್ರಮದಲ್ಲಿ ನಡೆಯುತ್ತದೆ. ಗಣಕ ವ್ಯವಸ್ಥೆಯು ಮೊದಲ ರ್‍ಯಾಂಕಿನ ಅಭ್ಯರ್ಥಿಯಿಂದ ಆರಂಭಿಸಿ, ಪ್ರತಿಯೊಬ್ಬರ ಇಚ್ಛೆಗಳ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಪರಿಶೀಲಿಸುತ್ತದೆ. ಆ ಕ್ಷಣದಲ್ಲಿ ಲಭ್ಯವಿರುವ ಮತ್ತು ಅಭ್ಯರ್ಥಿಗೆ ಅರ್ಹತೆಯಿರುವ ಮೊದಲ ಸೀಟನ್ನು ಅವರಿಗೆ ನೀಡುತ್ತದೆ. ದೊರೆಯುವ ಸಾಧ್ಯತೆ ಕಡಿಮೆಯಿರುವ ಕಾಲೇಜನ್ನು ಮೊದಲ ಇಚ್ಛೆಯಾಗಿ ನಮೂದಿಸಿದರೆ ಕೆಳಗಿನ ಇಚ್ಛೆಗಳ ಅವಕಾಶ ಕಡಿಮೆಯಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಈ ವಿಧಾನದಲ್ಲಿ ಹಾಗಾಗುವುದಿಲ್ಲ.

ಉದಾಹರಣೆಗೆ, ಅಭ್ಯರ್ಥಿಯೊಬ್ಬರು ಬೆಂಗಳೂರು, ಹಾಸನ ಮತ್ತು ಕಾರವಾರದ ಸರ್ಕಾರಿ ಕಾಲೇಜುಗಳನ್ನು ಇದೇ ಕ್ರಮದಲ್ಲಿ ಬಯಸುತ್ತಾರೆ ಎಂದುಕೊಳ್ಳಬಹುದು. ಅವರ ಸರದಿ ಬರುವ ವೇಳೆಗೆ ಬೆಂಗಳೂರಿನ ಸೀಟುಗಳು ಮುಗಿದು ಹಾಸನದಲ್ಲಿ ಸೀಟು ಉಳಿದಿದ್ದರೆ ಅವರಿಗೆ ಹಾಸನ ದೊರೆಯುತ್ತದೆ. ಹಾಸನವನ್ನೇ ಮೊದಲ ಇಚ್ಛೆಯಾಗಿ ನೀಡಿದ್ದರೂ ಅದೇ ಸೀಟು ದೊರೆಯುತ್ತಿತ್ತು. ಆದರೆ ಹಾಗೆ ನೀಡಿದವರು, ಬೆಂಗಳೂರಿನಲ್ಲಿ ಸೀಟು ಉಳಿದಿದ್ದ ಪಕ್ಷದಲ್ಲಿ ಅದನ್ನು ಕಳೆದುಕೊಳ್ಳುತ್ತಾರೆ. ಆದ್ದರಿಂದ ಪಟ್ಟಿಯು ಊಹೆಯ ಬದಲು ಅಭ್ಯರ್ಥಿಯ ನಿಜವಾದ ಆದ್ಯತೆಯನ್ನು ಅನುಸರಿಸಿರುವುದು ಹೆಚ್ಚು ಲಾಭಕರ. ಇದೇ ಕಾರಣಕ್ಕೆ ಸೇರಲು ಇಷ್ಟವಿಲ್ಲದ ಅಥವಾ ಶುಲ್ಕ ಭರಿಸಲಾಗದ ಸೀಟನ್ನು ಪಟ್ಟಿಯಲ್ಲಿ ಸೇರಿಸುವುದು ಅಪಾಯಕಾರಿ. ತೀರಾ ಚಿಕ್ಕ ಪಟ್ಟಿ ನೀಡಿದವರಿಗೆ ಯಾವ ಸೀಟೂ ದೊರೆಯದೆ ಹೋಗಬಹುದು.

ನಿಜವಾದ ಹಂಚಿಕೆಗೆ ಮೊದಲು ಕೆಇಎ ಅಣಕು ಸೀಟು ಹಂಚಿಕೆಯ ಫಲಿತಾಂಶವನ್ನು ಪ್ರಕಟಿಸುತ್ತದೆ. ಇದು ಸೀಟಿನ ಖಾತರಿಯಲ್ಲ. ಇದರ ನಂತರ ಇಚ್ಛೆಗಳನ್ನು ಸೇರಿಸಲು, ತೆಗೆಯಲು ಅಥವಾ ಕ್ರಮ ಬದಲಿಸಲು ಅವಕಾಶವಿರುತ್ತದೆ. ಸೀಟು ಹಂಚಿಕೆಯಾದ ಬಳಿಕ ಅಭ್ಯರ್ಥಿಯು ಸೀಟನ್ನು ಒಪ್ಪಿ ಕಾಲೇಜಿಗೆ ಸೇರಬಹುದು, ಸೀಟನ್ನು ಉಳಿಸಿಕೊಂಡು ಮೇಲಿನ ಇಚ್ಛೆಗಳಿಗಾಗಿ ಮುಂದಿನ ಸುತ್ತಿನಲ್ಲಿ ಭಾಗವಹಿಸಬಹುದು ಅಥವಾ ಸೀಟನ್ನು ನಿರಾಕರಿಸಬಹುದು. ಎರಡನೆಯದನ್ನು ಆಯ್ದುಕೊಂಡವರಿಗೆ ಮುಂದಿನ ಸುತ್ತಿನಲ್ಲಿ ಮೇಲಿನ ಇಚ್ಛೆಯೊಂದು ದೊರೆತರೆ ಹಿಂದಿನ ಸೀಟು ತಾನಾಗಿಯೇ ರದ್ದಾಗುತ್ತದೆ. ಕೊನೆಯ ಸುತ್ತುಗಳಲ್ಲಿ ಸೀಟು ಪಡೆದು ಸೇರದಿದ್ದವರು ಠೇವಣಿಯನ್ನು ಕಳೆದುಕೊಳ್ಳುತ್ತಾರೆ.

ಆಯ್ಕೆಯ ಮಾನದಂಡಗಳು

ಕಟ್‌ಆಫ್ ರ್‍ಯಾಂಕ್: ಹಿಂದಿನ ವರ್ಷ ಪ್ರತಿ ಕಾಲೇಜಿನಲ್ಲಿ ಸೀಟು ಪಡೆದ ಕೊನೆಯ ರ್‍ಯಾಂಕನ್ನು ಕೆಇಎ ವರ್ಗವಾರು ಪ್ರಕಟಿಸುತ್ತದೆ. ಪಟ್ಟಿಯಲ್ಲಿ ಜಿಎಂ ಎಂದರೆ ಸಾಮಾನ್ಯ ವರ್ಗ, ಜಿಎಂಕೆ ಎಂದರೆ ಅದರ ಕನ್ನಡ ಮಾಧ್ಯಮ ಮತ್ತು ಜಿಎಂಆರ್ ಎಂದರೆ ಅದರ ಗ್ರಾಮೀಣ ವಿಭಾಗ. ಇದೇ ರೀತಿ 2ಎಜಿ, 2ಎಕೆ, 2ಎಆರ್ ಎಂಬ ಸಂಕೇತಗಳಿವೆ. ಕಲ್ಯಾಣ ಕರ್ನಾಟಕದ ಸೀಟುಗಳ ಸಂಕೇತದ ಕೊನೆಯಲ್ಲಿ ಎಚ್ ಅಕ್ಷರವಿರುತ್ತದೆ. ಮೊದಲ ಸುತ್ತಿನ ಮತ್ತು ಕೊನೆಯ ಸುತ್ತಿನ ಕಟ್‌ಆಫ್‌ಗಳ ನಡುವೆ ಗಣನೀಯ ಅಂತರವಿರುವುದರಿಂದ ಎರಡನ್ನೂ ಹೋಲಿಸಬೇಕಾಗುತ್ತದೆ. ಪರೀಕ್ಷೆಯ ಕ್ಲಿಷ್ಟತೆ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಅಂಕಗಳಿಗಿಂತ ರ್‍ಯಾಂಕಿನ ಹೋಲಿಕೆ ಹೆಚ್ಚು ವಿಶ್ವಾಸಾರ್ಹ.

ಒಟ್ಟು ವೆಚ್ಚ: ಎಂ.ಬಿ.ಬಿ.ಎಸ್. ವ್ಯಾಸಂಗವು ನಾಲ್ಕೂವರೆ ವರ್ಷಗಳ ಬೋಧನೆ ಮತ್ತು ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್‌ಗಳನ್ನು ಒಳಗೊಂಡಿದೆ. ವಾರ್ಷಿಕ ಶುಲ್ಕ 10 ಲಕ್ಷ ರೂಪಾಯಿಗಳಾದರೆ ಬೋಧನಾ ಅವಧಿಗೆ 45 ಲಕ್ಷ ರೂಪಾಯಿಗಳಾಗುತ್ತವೆ. ಇದಕ್ಕೆ ವಿದ್ಯಾರ್ಥಿನಿಲಯ, ಊಟ ಮತ್ತು ಪುಸ್ತಕಗಳ ಖರ್ಚು ಸೇರುತ್ತದೆ. ವಿದ್ಯಾರ್ಥಿವೇತನ ಮತ್ತು 'ಅರಿವು' ಶೈಕ್ಷಣಿಕ ಸಾಲದಂತಹ ಸೌಲಭ್ಯಗಳಿಗೆ ಆದಾಯಮಿತಿ ಮತ್ತು ಸೀಟಿನ ವಿಧದ ಷರತ್ತುಗಳು ಅನ್ವಯಿಸುತ್ತವೆ.

ಬೋಧನಾ ಆಸ್ಪತ್ರೆ: ವೈದ್ಯಕೀಯ ಕಲಿಕೆಯ ಬಹುಭಾಗ ರೋಗಿಯ ಹಾಸಿಗೆಯ ಬಳಿಯಲ್ಲಿ ನಡೆಯುತ್ತದೆ. ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆಯಂತಹ ಹಳೆಯ ಸರ್ಕಾರಿ ಆಸ್ಪತ್ರೆಗಳಿಗೆ ಸುತ್ತಲಿನ ಜಿಲ್ಲೆಗಳಿಂದಲೂ ರೋಗಿಗಳು ಬರುವುದರಿಂದ ವಿದ್ಯಾರ್ಥಿಗಳಿಗೆ ವೈವಿಧ್ಯಮಯ ಪ್ರಕರಣಗಳ ಪರಿಚಯವಾಗುತ್ತದೆ. ಕಟ್ಟಡದ ಭವ್ಯತೆಗಿಂತ ಹೊರರೋಗಿಗಳ ಸಂಖ್ಯೆ, ಭರ್ತಿಯಾಗಿರುವ ಹಾಸಿಗೆಗಳು, ಹೆರಿಗೆ ಮತ್ತು ತುರ್ತು ಚಿಕಿತ್ಸಾ ವಿಭಾಗಗಳ ಕಾರ್ಯಭಾರ ಇವು ಕಲಿಕೆಯ ಗುಣಮಟ್ಟವನ್ನು ಹೆಚ್ಚು ನಿರ್ಧರಿಸುತ್ತವೆ.

ಅನುಮತಿ ಮತ್ತು ಸಂಯೋಜನೆ: ಕಾಲೇಜಿನ ಹೆಸರು ಮತ್ತು ಸೀಟುಗಳ ಸಂಖ್ಯೆ ಎನ್‌ಎಂಸಿಯ ಆ ವರ್ಷದ ಪಟ್ಟಿಯಲ್ಲಿ ಇರಬೇಕು. ರಾಜ್ಯದ ಸರ್ಕಾರಿ ಕಾಲೇಜುಗಳು ಮತ್ತು ಡೀಮ್ಡ್ ಅಲ್ಲದ ಬಹುತೇಕ ಖಾಸಗಿ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟು ಒಂದೇ ಪರೀಕ್ಷೆಯನ್ನು ಎದುರಿಸುತ್ತವೆ. ಡೀಮ್ಡ್ ವಿಶ್ವವಿದ್ಯಾಲಯಗಳು ತಮ್ಮದೇ ಪರೀಕ್ಷೆಗಳನ್ನು ನಡೆಸುತ್ತವೆ.

ಸೇವಾ ಷರತ್ತುಗಳು: ವೈದ್ಯಕೀಯ ಪದವೀಧರರ ಕಡ್ಡಾಯ ಸೇವೆಗೆ ಸಂಬಂಧಿಸಿದ 2012ರ ಕರ್ನಾಟಕ ಕಾಯ್ದೆಯು ಹಲವು ಬಾರಿ ತಿದ್ದುಪಡಿಗೊಂಡಿದೆ. ಸರ್ಕಾರಿ ಸೀಟು ಪಡೆಯುವವರು ಪ್ರವೇಶದ ವರ್ಷದಲ್ಲಿ ಜಾರಿಯಲ್ಲಿರುವ ನಿಯಮವನ್ನು ತಿಳಿದಿರಬೇಕಾಗುತ್ತದೆ. ಇತರ ರಾಜ್ಯಗಳಲ್ಲಿ ಅಖಿಲ ಭಾರತ ಕೋಟಾದ ಸೀಟು ಪಡೆದವರಿಗೆ ಆಯಾ ರಾಜ್ಯದ ಬಾಂಡ್ ನಿಯಮಗಳು ಅನ್ವಯಿಸಬಹುದು.

ಸ್ಥಳ ಮತ್ತು ಭಾಷೆ: ಕುಟುಂಬದಿಂದ ದೂರ, ವಸತಿ ಹಾಗೂ ರೋಗಿಗಳು ಆಡುವ ಭಾಷೆಯೂ ಗಣನೆಗೆ ಬರುತ್ತವೆ. ರೋಗಿಯ ತೊಂದರೆಯನ್ನು ಅವರದೇ ಮಾತಿನಲ್ಲಿ ಕೇಳಿ ಅರಿಯಬೇಕಾದುದರಿಂದ, ಅಖಿಲ ಭಾರತ ಕೋಟಾದಡಿ ಹೊರರಾಜ್ಯಕ್ಕೆ ಹೋಗುವ ಕನ್ನಡಿಗರು ಅಲ್ಲಿನ ಭಾಷೆಯನ್ನು, ಕರ್ನಾಟಕಕ್ಕೆ ಬರುವವರು ಕನ್ನಡವನ್ನು ಕಲಿಯಬೇಕಾಗುತ್ತದೆ.

ಸಮಸ್ಯೆಗಳು

ಇಚ್ಛೆಗಳನ್ನು ದಾಖಲಿಸಲು ಕೆಲವೇ ದಿನಗಳ ಅವಧಿ ಇರುವುದರಿಂದ, ಮಾಹಿತಿಯ ಕೊರತೆಯಿರುವ ಗ್ರಾಮೀಣ ಕುಟುಂಬಗಳು ಸೈಬರ್ ಕೇಂದ್ರಗಳನ್ನೋ ಖಾಸಗಿ ಸಲಹೆಗಾರರನ್ನೋ ಅವಲಂಬಿಸುತ್ತವೆ. ಲಾಗಿನ್ ವಿವರ ಮತ್ತು ಪಾಸ್‌ವರ್ಡ್ ಬೇರೆಯವರ ಕೈಸೇರಿದರೆ ಅಭ್ಯರ್ಥಿಯ ಅರಿವಿಗೆ ಬಾರದೆ ಇಚ್ಛೆಗಳು ಬದಲಾಗುವ ಸಾಧ್ಯತೆಯಿರುತ್ತದೆ. ಎಂ.ಬಿ.ಬಿ.ಎಸ್. ಪ್ರವೇಶವು ನೀಟ್ ಅರ್ಹತೆ ಮತ್ತು ಅಧಿಕೃತ ಹಂಚಿಕೆಯ ಮೂಲಕ ಮಾತ್ರ ನಡೆಯಬೇಕಾದ ಕಾರಣ, ಹಣ ಪಡೆದು ನೇರ ಸೀಟು ಕೊಡಿಸುವ ಭರವಸೆಗಳಿಗೆ ಕಾನೂನಿನ ಮಾನ್ಯತೆಯಿಲ್ಲ. ಸೇರುವ ಉದ್ದೇಶವಿಲ್ಲದೆ ಸೀಟನ್ನು ಹಿಡಿದಿಟ್ಟು ಕೊನೆಯಲ್ಲಿ ಬಿಟ್ಟುಕೊಡುವ 'ಸೀಟ್ ಬ್ಲಾಕಿಂಗ್' ಅರ್ಹರಿಗೆ ಅನ್ಯಾಯವೆಸಗುತ್ತದೆ. ಇದನ್ನು ತಡೆಯಲು ಠೇವಣಿ ಮುಟ್ಟುಗೋಲು ಮತ್ತು ಮುಂದಿನ ಸುತ್ತುಗಳಿಂದ ಹೊರಗಿಡುವಂತಹ ಕ್ರಮಗಳನ್ನು ಅಳವಡಿಸಲಾಗಿದೆ. ಶುಲ್ಕ, ಠೇವಣಿ ಮತ್ತು ಸುತ್ತುಗಳ ನಿಯಮಗಳು ಪ್ರತಿವರ್ಷ ಪರಿಷ್ಕರಣೆಗೆ ಒಳಪಡುವುದರಿಂದ ಆ ವರ್ಷದ ಮಾಹಿತಿ ಪುಸ್ತಿಕೆ ಮತ್ತು ಸೀಟ್ ಮ್ಯಾಟ್ರಿಕ್ಸ್ ಅಂತಿಮ ಆಧಾರಗಳಾಗಿರುತ್ತವೆ.