ಅರ್ಥವಾಯಿತೇ, ಇಲ್ಲವೇ? ತಲೆ ತಿರುಗಿಸುವ ಚಿತ್ರಗಳೂ ನಮ್ಮ ಮನಸ್ಸೂ



ಬೆಂಗಳೂರಿನಲ್ಲಿ ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆಗೆ ಹೊರಟರೆ ಬಲಕ್ಕೆ ಅಮೃತಹಳ್ಳಿ ಸಿಗುತ್ತದೆ. ಅಲ್ಲಿ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಇಬ್ಬರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಬಾಡಿಗೆಗೆ ಇದ್ದಾರೆ. ಒಂದೇ ತಟ್ಟೆಯಲ್ಲಿ ಉಣ್ಣುವಂಥ ಸ್ನೇಹಿತರು. ಒಂದು ಭಾನುವಾರ ಸಂಜೆ ಇವರಿಬ್ಬರೂ ಜೋರಾಗಿ ಜಗಳವಾಡಿಕೊಂಡು ಒಂದು ವಾರ ಮಾತು ಬಿಟ್ಟರು. ಕಾರಣ ಬಾಡಿಗೆ ಹಣವಲ್ಲ, ಅಡುಗೆಯ ಸರದಿಯೂ ಅಲ್ಲ. ಹತ್ತು ದಿನ ಮೊದಲು ನಮ್ಮ ಮನೆಯ ಟಿ.ವಿ.ಯಲ್ಲಿ ನೋಡಿದ 'ಲೂಸಿಯಾ' ಚಿತ್ರ!

ಒಬ್ಬನ ವಾದ ಹೀಗಿತ್ತು: 'ಸಿನಿಮಾ ಮಂದಿರದ ಹುಡುಗನ ಕಥೆಯೇ ಕನಸು. ಅದಕ್ಕೇ ಅದನ್ನು ಕಪ್ಪು-ಬಿಳುಪಿನಲ್ಲಿ ತೋರಿಸಿದ್ದಾರೆ.' ಇನ್ನೊಬ್ಬನ ವಾದ: 'ಅಲ್ಲ, ಅದು ಬಣ್ಣದಲ್ಲಿತ್ತು. ಬಣ್ಣದಲ್ಲಿದ್ದ ಮೇಲೆ ಅದೇ ನಿಜ.' ಇಬ್ಬರೂ ದೇವರಾಣೆ ಇಟ್ಟರು. ಅವರೊಂದಿಗೆ ಚಿತ್ರ ನೋಡಿದ್ದ ಎದುರುಮನೆಯ ಪಿ.ಯು.ಸಿ. ಹುಡುಗಿ ಮಾತ್ರ ತುಟಿ ಬಿಚ್ಚಲಿಲ್ಲ. ನಾನು ಕೇಳಿದಾಗ, 'ನನಗೆ ಆ ಸಿನಿಮಾನೇ ಅರ್ಥ ಆಗಿಲ್ಲ ಸರ್, ನಾನೇನು ಹೇಳಲಿ?' ಎಂದಳು.

ಈ ಮೂವರಲ್ಲಿ ಯಾರು ಸರಿ? ಉತ್ತರವನ್ನು ಕೊನೆಯಲ್ಲಿ ನೋಡೋಣ. (ಚಿತ್ರಗಳ ಗುಟ್ಟನ್ನು ಇಲ್ಲಿ ಬಿಚ್ಚಿಡದೆ ವಿಷಯ ವಿವರಿಸಲಾಗದು. ಇನ್ನೂ ನೋಡದವರು ಮೊದಲು ನೋಡಿ ಆಮೇಲೆ ಓದಿದರೆ ಒಳ್ಳೆಯದು.)

ಎಂಥ ಚಿತ್ರಗಳಿವು?

'ಕಲ್ಟ್' ಚಿತ್ರ ಎಂಬ ಮಾತನ್ನು ನೀವೆಲ್ಲ ಕೇಳಿರುತ್ತೀರಿ. ಬಿಡುಗಡೆಯಾದ ವಾರದ ಗಳಿಕೆಯಿಂದಲ್ಲದೆ, ವರ್ಷಗಟ್ಟಲೆ ಮತ್ತೆ ಮತ್ತೆ ನೋಡಿ ಚರ್ಚಿಸುವ ಅಭಿಮಾನಿಗಳ ಬಲದಿಂದ ಹೆಸರು ಉಳಿಸಿಕೊಳ್ಳುವ ಚಿತ್ರಕ್ಕೆ ಸಾಮಾನ್ಯವಾಗಿ ಈ ಹೆಸರು. ಇವುಗಳಲ್ಲೇ ಒಂದು ಬಗೆ ಕತ್ತಲ ಚಿತ್ರಗಳದು. ಇವುಗಳಲ್ಲಿ ಕಥೆ ನೇರವಾಗಿ ಸಾಗುವುದಿಲ್ಲ, ನಾಯಕ ಪೂರ್ತಿ ಒಳ್ಳೆಯವನಲ್ಲ, ಕಂಡದ್ದೆಲ್ಲ ನಿಜವಲ್ಲ. ಇಂಗ್ಲಿಷಿನಲ್ಲಿ 2000ದ 'ಮೆಮೆಂಟೊ', 2010ರ 'ಇನ್ಸೆಪ್ಷನ್' ಇಂಥವು. ಆದರೆ ಉದಾಹರಣೆಗೆ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಕನ್ನಡದಲ್ಲೇ ಉಪೇಂದ್ರ ಅವರ 'ಎ' (1998) ಮತ್ತು 'ಉಪೇಂದ್ರ' (1999), ಪವನ್ ಕುಮಾರ್ ಅವರ 'ಲೂಸಿಯಾ' (2013), ರಕ್ಷಿತ್ ಶೆಟ್ಟಿ ಅವರ 'ಉಳಿದವರು ಕಂಡಂತೆ' (2014) ಇವೆ. ಇವುಗಳಲ್ಲಿ ಮೂರನ್ನು ಹಿಡಿದುಕೊಂಡು, ಇಂಥ ಚಿತ್ರಗಳು ನಮ್ಮ ಮನಸ್ಸಿನೊಡನೆ ಆಡುವ ಆಟವೇನೆಂದು ವಿಚಾರ ಮಾಡೋಣ.

ಪರಿಣಾಮ ಮೊದಲು, ಕಾರಣ ಆಮೇಲೆ

'ಎ' ಬಿಡುಗಡೆಯಾದಾಗ ನಾನು ಬಿ.ಎಸ್ಸಿ. ವಿದ್ಯಾರ್ಥಿ. ಮೆಜೆಸ್ಟಿಕ್‌ನ ಚಿತ್ರಮಂದಿರವೊಂದರಲ್ಲಿ ಗೆಳೆಯರೊಂದಿಗೆ ನೋಡಿದೆ. ಹೊರಬಂದು ಬೈ-ಟೂ ಕಾಫಿ ಕುಡಿಯುವಾಗ ಎಲ್ಲರೂ ಬಿಸಿಬಿಸಿ ಚರ್ಚೆಗೆ ಇಳಿದರು. ನನಗೆ ಅರ್ಧದಷ್ಟೂ ತಿಳಿದಿರಲಿಲ್ಲ. ಆದರೂ ಎಲ್ಲ ತಿಳಿದವನಂತೆ ತಲೆಯಾಡಿಸಿದೆ. ಬಹುಕಾಲದ ಮೇಲೆ ತಿಳಿದದ್ದೇನೆಂದರೆ, ಆ ದಿನ ತಲೆಯಾಡಿಸಿದವರಲ್ಲಿ ಹೆಚ್ಚಿನವರ ಪಾಡು ನನ್ನದೇ ಆಗಿತ್ತು.

ಏಕೆ ಹೀಗೆ? ಆ ಚಿತ್ರದಲ್ಲಿ ಮೊದಲು ಕಾಣುವವನು ಕುಡಿದು ಹಾಳಾದ, ಒಬ್ಬ ನಟಿಯ ಬೆನ್ನು ಬಿದ್ದ ನಿರ್ದೇಶಕ. ಅವನು ಹೀಗೇಕಾದ ಎಂಬುದು ಆಮೇಲೆ, ತುಂಡುತುಂಡಾಗಿ, ಹಿಂದುಮುಂದಾಗಿ ಬರುತ್ತದೆ. ಪರಿಣಾಮ ಮೊದಲು, ಕಾರಣ ಆಮೇಲೆ. ದಿನನಿತ್ಯದ ಬದುಕಿನಲ್ಲಿ ನಮ್ಮ ಮನಸ್ಸು ಕಾರಣದಿಂದ ಪರಿಣಾಮದ ಕಡೆಗೆ ನಡೆದು ಅಭ್ಯಾಸವಾದದ್ದು. ಇಲ್ಲಿ ಪ್ರತಿ ತುಂಡನ್ನೂ 'ಇದರ ಜಾಗ ಆಮೇಲೆ ಗೊತ್ತಾಗುತ್ತದೆ' ಎಂದು ಕೈಯಲ್ಲಿ ಹಿಡಿದುಕೊಂಡೇ ಇರಬೇಕು.

ಹಾಗೆ ಹಿಡಿದುಕೊಳ್ಳುವ ಶಕ್ತಿಗೆ ಮಿತಿಯಿದೆ. 1956ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಮನೋವಿಜ್ಞಾನಿ, ನಮ್ಮ ತತ್‌ಕ್ಷಣದ ನೆನಪಿನಲ್ಲಿ ಒಮ್ಮೆಗೆ ಸುಮಾರು ಏಳು ಸಂಗತಿಗಳು ಮಾತ್ರ ನಿಲ್ಲುತ್ತವೆ ಎಂದು ತೋರಿಸಿದರು. ನಂತರದ ಸಂಶೋಧಕರು ಆ ಸಂಖ್ಯೆಯನ್ನು ನಾಲ್ಕರ ಆಸುಪಾಸಿಗೆ ಇಳಿಸಿದ್ದಾರೆ. ಫೋನ್ ನಂಬರನ್ನು ಬರೆದುಕೊಳ್ಳುವ ಮೊದಲೇ ಯಾರಾದರೂ ಮಾತನಾಡಿಸಿದರೆ ಅದು ಜಾರಿಹೋಗುವುದಿಲ್ಲವೇ? ತಿರುಗುಮುರುಗಾದ ಚಿತ್ರದಲ್ಲಿ ನಡೆಯುವುದೂ ಅದೇ. ಆದ್ದರಿಂದ ಮೊದಲ ನೋಟಕ್ಕೆ ಅರ್ಥವಾಗದಿದ್ದರೆ ಅದು ದಡ್ಡತನದ ಗುರುತಲ್ಲ. ಎರಡನೆಯ ಸಲ ನೋಡುವಾಗ ತುಂಡುಗಳ ಜಾಗ ಆಗಲೇ ಗೊತ್ತಿರುವುದರಿಂದ ಭಾರ ಇಳಿಯುತ್ತದೆ. ಇಂಥ ಚಿತ್ರಗಳನ್ನು ಜನ ಮತ್ತೆ ಮತ್ತೆ ನೋಡುವುದಕ್ಕೆ ಇದೂ ಒಂದು ಕಾರಣ.

ಕನಸಿಗೆ ಯಾವ ಬಣ್ಣ?

ಈಗ ಜಗಳದ ಮೂಲಕ್ಕೆ ಬರೋಣ. ನೂರಕ್ಕೂ ಹೆಚ್ಚು ಜನ ಸಾಮಾನ್ಯ ಪ್ರೇಕ್ಷಕರು ಕೊಟ್ಟ ಸುಮಾರು 50 ಲಕ್ಷ ರೂಪಾಯಿಯಲ್ಲಿ ತಯಾರಾದ 'ಲೂಸಿಯಾ' 2013ರ ಲಂಡನ್ ಭಾರತೀಯ ಚಲನಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆಯಿತು. ನಿಕ್ಕಿ ಎಂಬ ಹುಡುಗ ಹಳೆಯ ಸಿನಿಮಾ ಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವವನು. ಅವನಿಗೆ ನಿದ್ದೆ ಬಾರದು. 'ಲೂಸಿಯಾ' ಎಂಬ ಮಾತ್ರೆ ನುಂಗಿದರೆ ತಾನು ದೊಡ್ಡ ನಟ ನಿಖಿಲ್ ಆಗಿರುವ ಕನಸು, ರಾತ್ರಿಯಿಂದ ರಾತ್ರಿಗೆ ಧಾರಾವಾಹಿಯಂತೆ ಮುಂದುವರಿಯುತ್ತದೆ. ನಟ ಸತೀಶ್ ನೀನಾಸಂ ಎರಡೂ ಪಾತ್ರಗಳಲ್ಲಿದ್ದಾರೆ. ಟಾರ್ಚ್ ಹುಡುಗನ ಬದುಕು ಬಣ್ಣದಲ್ಲಿದೆ, ನಟನ ಬದುಕು ಕಪ್ಪು-ಬಿಳುಪಿನಲ್ಲಿದೆ. ಪ್ರೇಕ್ಷಕ ಸಹಜವಾಗಿಯೇ ಬಣ್ಣದ್ದು ನಿಜ, ಕಪ್ಪು-ಬಿಳುಪಿನದು ಕನಸು ಎಂದುಕೊಳ್ಳುತ್ತಾನೆ. ಕೊನೆಯಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಇದ್ದವನು ನಟ. ಟಾರ್ಚ್ ಹುಡುಗನೇ ಅವನ ಕನಸು.

ಕನಸು ಕಪ್ಪು-ಬಿಳುಪು ಎಂಬ ನಂಬಿಕೆ ನಮಗೆ ಎಲ್ಲಿಂದ ಬಂತು? 2008ರಲ್ಲಿ ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾನಿಲಯದಿಂದ ಈವಾ ಮುರ್ಜಿನ್ ಪ್ರಕಟಿಸಿದ ಅಧ್ಯಯನವೊಂದಿದೆ. 25 ವರ್ಷಕ್ಕಿಂತ ಕಿರಿಯರು ಕಪ್ಪು-ಬಿಳುಪು ಕನಸು ಕಂಡದ್ದಾಗಿ ಹೇಳಿದ್ದು ನೂರಕ್ಕೆ ಐದಕ್ಕಿಂತ ಕಡಿಮೆ. ಬಾಲ್ಯದಲ್ಲಿ ಕಪ್ಪು-ಬಿಳುಪು ಟಿ.ವಿ., ಚಿತ್ರಗಳನ್ನಷ್ಟೇ ನೋಡಿದ್ದ 55 ದಾಟಿದವರಲ್ಲಿ ಅದು ಸುಮಾರು ಕಾಲುಭಾಗ. ಭಾರತದಲ್ಲಿ ಬಣ್ಣದ ದೂರದರ್ಶನ ಬಂದದ್ದು 1982ರಲ್ಲಿ. ನಿಮ್ಮ ಅಜ್ಜ-ಅಜ್ಜಿಯನ್ನು ಅವರ ಕನಸಿನ ಬಣ್ಣ ಯಾವುದೆಂದು ಕೇಳಿ ನೋಡಿ. ತೆರೆ ನಮ್ಮ ಕನಸನ್ನೂ, ಇಲ್ಲವೇ ಕನಸಿನ ನೆನಪನ್ನಾದರೂ, ತನ್ನ ಬಣ್ಣಕ್ಕೆ ತಿರುಗಿಸಿಕೊಳ್ಳುವಂತೆ ಕಾಣುತ್ತದೆ.

ಕನಸು ಕಾಣುತ್ತಿರುವಾಗಲೇ 'ಇದು ಕನಸು' ಎಂಬ ಅರಿವಿರುವುದಕ್ಕೆ 'ಲೂಸಿಡ್ ಡ್ರೀಮಿಂಗ್' ಎಂದು ಹೆಸರು. ಚಿತ್ರದ ಹೆಸರಿನಲ್ಲೂ ಅದರ ದನಿಯಿದೆ. ಇದು ಕಟ್ಟುಕಥೆಯಲ್ಲ. ನಾವು ಹೆಚ್ಚಾಗಿ ಕನಸು ಕಾಣುವುದು ಕಣ್ಣಾಲಿಗಳು ವೇಗವಾಗಿ ಚಲಿಸುವ 'ರೆಮ್' ನಿದ್ರೆಯಲ್ಲಿ. ಇದನ್ನು 1953ರಲ್ಲಿ ಷಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ವರದಿ ಮಾಡಿದರು. ಆಗ ಕೈಕಾಲಿನ ಸ್ನಾಯುಗಳು ಸಡಿಲಗೊಂಡು ಕೆಲಸ ಮಾಡವು, ಕಣ್ಣಿನವು ಮಾತ್ರ ಮಾಡುತ್ತವೆ. ಇದನ್ನೇ ಬಳಸಿಕೊಂಡು ಇಂಗ್ಲೆಂಡಿನ ಕೀತ್ ಹರ್ನ್ 1975ರಲ್ಲಿ ಒಂದು ಪ್ರಯೋಗ ಮಾಡಿದರು. 'ಕನಸೆಂದು ತಿಳಿದ ಕೂಡಲೇ ಕಣ್ಣನ್ನು ಎಡಬಲಕ್ಕೆ ಇಂತಿಷ್ಟು ಸಲ ಆಡಿಸಬೇಕು' ಎಂದು ಮೊದಲೇ ಒಪ್ಪಂದ. ಮಲಗಿದ್ದವನ ಆ ಸಂಕೇತ ಯಂತ್ರದ ಕಾಗದದ ಮೇಲೆ ದಾಖಲಾಯಿತು! ಸ್ವಲ್ಪ ಕಾಲಾನಂತರ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ಸ್ವತಂತ್ರವಾಗಿ ಇದನ್ನು ಸಾಧಿಸಿ ತೋರಿಸಿದರು.

ಆದರೆ ಮಿತ್ರರೇ, ವಿಜ್ಞಾನ ಇಲ್ಲಿಗೆ ನಿಂತು ಕಥೆ ಶುರುವಾಗುವ ಗಡಿಯನ್ನು ಗುರುತಿಸಿಕೊಳ್ಳಿ. ಬೇಕಾದ ಕನಸನ್ನು ಕಂತುಕಂತಾಗಿ ತೋರಿಸುವ ಮಾತ್ರೆ ಯಾವ ಅಂಗಡಿಯಲ್ಲೂ ಇಲ್ಲ. ಚಿತ್ರದ ಮಾತ್ರೆ ಕಥೆಗಾರನ ಸಾಧನ. ನಿದ್ದೆ ಬಾರದಿದ್ದರೆ ಕಾಣಬೇಕಾದದ್ದು ವೈದ್ಯರನ್ನು.

ಕಂಡವರೆಲ್ಲ ಕಂಡದ್ದು ಒಂದೇ ಅಲ್ಲ

'ಉಳಿದವರು ಕಂಡಂತೆ' ನಡೆಯುವುದು ಉಡುಪಿ ಬಳಿಯ ಮಲ್ಪೆಯಲ್ಲಿ, ಅಷ್ಟಮಿಯ ಹುಲಿವೇಷದ ದಿನಗಳಲ್ಲಿ. ಪತ್ರಕರ್ತೆಯೊಬ್ಬಳು ನಡೆದುಹೋದ ಘಟನೆಯ ಬಗ್ಗೆ ಹಲವರನ್ನು ವಿಚಾರಿಸುತ್ತಾಳೆ. ಒಬ್ಬೊಬ್ಬರ ಹೇಳಿಕೆಯಲ್ಲೂ ಘಟನೆಯ ಬೇರೊಂದು ಮಗ್ಗುಲು ಕಾಣುತ್ತದೆ. ಜಪಾನಿನ ಅಕಿರಾ ಕುರೊಸಾವಾ 1950ರಲ್ಲಿ 'ರಾಶೋಮನ್' ಚಿತ್ರದಿಂದ ಜಗತ್ತಿಗೆ ಪರಿಚಯಿಸಿದ ಕ್ರಮವಿದು.

'ಹಾಗಾದರೆ ಇವರಲ್ಲಿ ಕೆಲವರು ಸುಳ್ಳು ಹೇಳುತ್ತಿದ್ದಾರೆಯೇ?' ಎಂದು ನೀವು ಕೇಳಬಹುದು. ಸುಳ್ಳು ಹೇಳದೆಯೂ ತಪ್ಪು ಹೇಳಬಹುದು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರಿಕೆ ತೋರಿಸಿದರು. ಕೆಲವರಿಗೆ 'ಕಾರುಗಳು ಗುದ್ದಿದಾಗ ವೇಗ ಎಷ್ಟಿತ್ತು?' ಎಂದೂ ಕೆಲವರಿಗೆ 'ಅಪ್ಪಳಿಸಿ ನುಜ್ಜುಗುಜ್ಜಾದಾಗ ವೇಗ ಎಷ್ಟಿತ್ತು?' ಎಂದೂ ಕೇಳಿದರು. ಒಂದು ವಾರದ ನಂತರ 'ಒಡೆದ ಗಾಜು ಕಂಡಿರಾ?' ಎಂದು ಪ್ರಶ್ನೆ. ಮೊದಲ ಗುಂಪಿನ 50 ಜನರಲ್ಲಿ 7 ಮಂದಿ, ಎರಡನೆಯ ಗುಂಪಿನ 50 ಜನರಲ್ಲಿ 16 ಮಂದಿ 'ಕಂಡೆವು' ಎಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ! ನೆನಪು ಕ್ಯಾಮೆರಾ ರೀಲಿನಂತೆ ಇದ್ದದ್ದನ್ನು ಇದ್ದ ಹಾಗೆ ತಿರುಗಿಸಿ ತೋರಿಸುವುದಿಲ್ಲ. ಕೇಳಿದ ಮಾತು, ಮಾಡಿದ ಊಹೆ ಎಲ್ಲವನ್ನೂ ಸೇರಿಸಿಕೊಂಡು ಪ್ರತಿ ಸಲವೂ ಹೊಸದಾಗಿ ಕಟ್ಟುತ್ತದೆ.

ಮಹಡಿಯ ಹುಡುಗ ಆಣೆಯಿಟ್ಟು ತಪ್ಪು ಹೇಳಿದ್ದು ಹೀಗೆಯೇ. ಟಾರ್ಚ್ ಹುಡುಗನ ಕಥೆ ಕನಸೆಂದು ಅವನು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದ. ಕನಸೆಂದರೆ ಕಪ್ಪು-ಬಿಳುಪು ಎಂಬ ಊಹೆ ಅದಕ್ಕೆ ಅಂಟಿಕೊಂಡಿತು. ಹತ್ತು ದಿನದಲ್ಲಿ ಅವನ ನೆನಪೇ ಚಿತ್ರದ ಬಣ್ಣ ತೊಳೆದುಬಿಟ್ಟಿತು.

ಕತ್ತಲೆಯ ಹೊಣೆ

ಮನಸ್ಸಿನ ಕತ್ತಲೆಯನ್ನು ತೆರೆಗೆ ತಂದವರಲ್ಲಿ ಇವರೇ ಮೊದಲಿಗರಲ್ಲ. ಪುಟ್ಟಣ್ಣ ಕಣಗಾಲ್ ಅವರ 'ಶರಪಂಜರ' ಬಂದದ್ದು 1971ರಲ್ಲಿ. ಮೂಲ ಕಾದಂಬರಿ ಬರೆದ ತ್ರಿವೇಣಿ ಮನೋವಿಜ್ಞಾನ ಓದಿದವರು. 1963ರಲ್ಲೇ ತೀರಿಕೊಂಡ ಅವರು ಈ ಚಿತ್ರವನ್ನು ನೋಡಲಿಲ್ಲ. ಕಲ್ಪನಾ ಅಭಿನಯಿಸಿದ ಕಾವೇರಿ ಮನಸ್ಸಿನ ಕಾಯಿಲೆಯಿಂದ ಗುಣವಾಗಿ ಮನೆಗೆ ಮರಳುತ್ತಾಳೆ. ಆದರೆ ಮನೆಯವರೂ ನೆರೆಯವರೂ ಅವಳನ್ನು 'ಹುಚ್ಚಿ' ಎಂದೇ ನೋಡುತ್ತಾರೆ. ಅವಳ ಕಾಯಿಲೆಗಿಂತ ನೋಡುವವರ ಕಣ್ಣು ಹೆಚ್ಚು ಭಯಂಕರ ಎಂದು ಆ ಚಿತ್ರ ಹೇಳಿತು.

ಇದನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಒಂದು ಚಿತ್ರ ಮನೋರೋಗಿಯನ್ನು ಬರೀ ಹೆದರಿಸುವ ಭೂತವಾಗಿ ಬಳಸಿಕೊಂಡಿದೆಯೋ, ಮನುಷ್ಯನಾಗಿ ಕಂಡಿದೆಯೋ? ಕತ್ತಲೆ ತೋರಿಸಿದ ಮಾತ್ರಕ್ಕೆ ಚಿತ್ರ ಆಳವಾಗುವುದಿಲ್ಲ. ವಯಸ್ಕರಿಗೆಂದು 'ಎ' ಪ್ರಮಾಣಪತ್ರ ಪಡೆದ ಚಿತ್ರಗಳಿಗೆ ಶಾಲಾ ವಿದ್ಯಾರ್ಥಿಗಳು ಕಾಯುವುದೇ ಸರಿ. ಯಾವುದೇ ಚಿತ್ರದ ಕತ್ತಲೆ ದಿನಗಟ್ಟಲೆ ಮನಸ್ಸಿನಲ್ಲಿ ಕುಳಿತು ಕಾಡಿದರೆ ಮನೆಯ ಹಿರಿಯರೊಡನೆ, ಉಪಾಧ್ಯಾಯರೊಡನೆ ಬಾಯಿಬಿಟ್ಟು ಮಾತನಾಡಿ. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿ 14416 ಕನ್ನಡದಲ್ಲೂ ಉಚಿತವಾಗಿ ದೊರೆಯುತ್ತದೆ.

ವಾದ ಮಾಡುವುದು ಹೇಗೆ?

ವಾದ ಬೇಡವೆಂದು ನಾನು ಹೇಳುತ್ತಿಲ್ಲ. ಇಂಥ ಚಿತ್ರಗಳು ಮಂದಿರದಲ್ಲಿ ಅರ್ಧ ಮುಗಿದರೆ, ಉಳಿದರ್ಧ ಮುಗಿಯುವುದು ಚಹಾದಂಗಡಿಯಲ್ಲೇ. ಆದರೆ ಪ್ರಯೋಗಶಾಲೆಯ ಒಂದು ಅಭ್ಯಾಸವನ್ನು ಅಲ್ಲಿಗೂ ಒಯ್ಯಿರಿ. ನೋಟ್‌ಬುಕ್ಕಿನ ಹಾಳೆಯಲ್ಲಿ ಮೂರು ಕಂಬ ಎಳೆಯಿರಿ. ಮೊದಲನೆಯದಕ್ಕೆ 'ಕಂಡದ್ದು', ಎರಡನೆಯದಕ್ಕೆ 'ಊಹಿಸಿದ್ದು', ಮೂರನೆಯದಕ್ಕೆ 'ಅನ್ನಿಸಿದ್ದು' ಎಂದು ಹೆಸರಿಡಿ. ಕಂಡದ್ದರ ಬಗ್ಗೆ ಜಗಳವೇ ಬೇಡ. ಚಿತ್ರವನ್ನು ಮತ್ತೆ ಹಾಕಿ ನೋಡಿದರಾಯಿತು. ಊಹಿಸಿದ್ದಕ್ಕೆ ಆಧಾರ ಕೇಳಿ. ಆಧಾರ ಹೆಚ್ಚಿದ್ದ ಊಹೆ ಗೆಲ್ಲಲಿ. ಅನ್ನಿಸಿದ್ದನ್ನು ಮಾತ್ರ ಯಾರೂ ತಪ್ಪೆನ್ನುವಂತಿಲ್ಲ. ನಮ್ಮ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಒಂದು ಕಂಬದ ಮಾತನ್ನು ಇನ್ನೊಂದರಲ್ಲಿ ಬರೆಯುವುದರಿಂದ.

ಮುಂದಿನ ಭಾನುವಾರ ಆ ಹುಡುಗರಿಬ್ಬರನ್ನೂ ಕೆಳಗೆ ಕರೆದು ಚಿತ್ರವನ್ನು ಮತ್ತೆ ಹಾಕಿದೆ. ಒಬ್ಬನ ಅರ್ಥ ಸರಿ, ನೆನಪು ತಪ್ಪು. ಇನ್ನೊಬ್ಬನ ನೆನಪು ಸರಿ, ಅರ್ಥ ತಪ್ಪು. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಮಾತು ಬಿಟ್ಟಿದ್ದ ವಾರ ಅಲ್ಲಿಗೆ ಮುಗಿಯಿತು.

ಆಗ ಪಿ.ಯು.ಸಿ. ಹುಡುಗಿ ಮೆಲ್ಲಗೆ ಕೇಳಿದಳು: 'ಬಣ್ಣ ಹೆಂಗಾದ್ರೂ ಇರಲಿ ಸರ್. ಎಲ್ಲಾ ಇರೋ ದೊಡ್ಡ ಸ್ಟಾರ್, ಟಾರ್ಚ್ ಹಿಡಿಯೋ ಬಡ ಹುಡುಗ ಆಗ್ಬೇಕು ಅಂತ ಯಾಕೆ ಕನಸು ಕಾಣ್ತಾನೆ?'

ಚಿತ್ರದ ತಿರುಳೇ ಆ ಪ್ರಶ್ನೆ. ಒಂದು ವಾರ ಜಗಳವಾಡಿದವರಿಗೆ ಹೊಳೆಯದ್ದು 'ಅರ್ಥವಾಗಲಿಲ್ಲ' ಎಂದವಳಿಗೆ ಹೊಳೆದಿತ್ತು. ಹಿಂದೊಮ್ಮೆ ಮೆಜೆಸ್ಟಿಕ್‌ನಲ್ಲಿ ಸುಮ್ಮನೆ ತಲೆಯಾಡಿಸುವ ಬದಲು ನಾನೂ ಹಾಗೆ ಒಂದು ಪ್ರಶ್ನೆ ಕೇಳಬಹುದಿತ್ತು. ನೀವು ಕೇಳಿ.