ಕಾಳಿಯ ಕಲ್ಲು

ಚಿಕ್ಕಪೇಟೆಯ ಬೀದಿಯಿಂದ ಎತ್ತಿತಂದು ಸಲಹಿದ ನಾಯಿ ಸತ್ತಾಗ ಅಳುವವರನ್ನು ಕಂಡು ನಗುವವರುಂಟು. ಅಂಥವರು ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಓದಬೇಕು. ಅದರ ಕಾಲ ಕ್ರಿ.ಶ. ೯೪೯-೫೦. ಚೋಳ ರಾಜಾದಿತ್ಯನು ಮಡಿದ ತಕ್ಕೋಲದ ಕಾಳಗದಲ್ಲಿ ಗಂಗ ಬೂತುಗನ ಕಡೆಯ ಮಣಲೇರನು ಪರಾಕ್ರಮ ಮೆರೆದನು. ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡೆನ್ನಲು, ಆ ವೀರನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು!

ಮುಂದೆ ಬೆಳತೂರಿನ ಬೆಟ್ಟದಲ್ಲಿ ಕಾಳಿಯೂ ಕಾಡುಹಂದಿಯೂ ಸೆಣಸಿ ಒಟ್ಟಿಗೇ ಸತ್ತವು. ಮಣಲೇರನು ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟನು. ಪೂಜಿಸದೆ ಉಂಡ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟುವುದೆಂದು ಶಾಸನದ ಕಟ್ಟಳೆ. ಪಾಪ, ಆ ನಾಯಿ ಮಾಡಿದ ಪಾಪವಾದರೂ ಎಷ್ಟಿದ್ದೀತು! ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿರುವ ಆ ಕಲ್ಲಿನಲ್ಲಿ ಕಾಳಿ ಇನ್ನೂ ಹಂದಿಯೊಡನೆ ಹೋರಾಡುತ್ತಲೇ ಇದೆ.