ಗುಪ್ತಗಾಮಿನಿಯೊಂದರ ಪ್ರದಕ್ಷಿಣೆ

ನದಿಯು ಭೂಮಿಯೊಳಗೆ ಅಡಗಿ ಹರಿಯುವುದೆಂದರೆ ವಾಚಕರಿಗೆ ಪ್ರಯಾಗದ ಸರಸ್ವತಿಯ ನೆನಪಾಗುವುದು ಸಹಜ. ಅಲ್ಲಿ ಅದು ಶ್ರದ್ಧೆಯ ವಿಷಯ. ಆದರೆ ಕಣ್ಣೆದುರಿಗೇ ಮುಳುಗಿ, ಕೆಲವು ಮೈಲಿಗಳಾಚೆ ಕಣ್ಣೆದುರಿಗೇ ಮೇಲೇಳುವ ನದಿಯೊಂದು ಇಂಗ್ಲೆಂಡಿನ ನಡುನಾಡಿನಲ್ಲಿರುವುದು. ಅದರ ಹೆಸರು ಮ್ಯಾನಿಫೋಲ್ಡ್. ನೆರೆಯ ಕಣಿವೆಯ ಡವ್ ನದಿಯನ್ನೂ ಸೇರಿಸಿಕೊಂಡು ಒಂದೇ ಹಗಲಿನಲ್ಲಿ ಕಾಲ್ನಡೆಯಿಂದ ಸುತ್ತಿ ಬರಬಹುದು. ಮಕ್ಕಳು ಆ ದೇಶದಲ್ಲಿ ನೆಲೆಸಿರುವ ಕಾರಣ ಬೇಸಗೆಯಲ್ಲಿ ಅಲ್ಲಿಗೆ ಹೋಗಿ, ಮನೆಯೊಳಗೆ ಕುಳಿತು ಬೇಸರಪಡುವ ನಮ್ಮ ವಯಸ್ಸಿನ ಗೃಹಸ್ಥರು ಅನೇಕರಿರುವರು. ಈ ಲೇಖನವು ಮುಖ್ಯವಾಗಿ ಅವರಿಗಾಗಿ.

ಹೊರಡುವುದು ಐಲಮ್ ಎಂಬ ಗ್ರಾಮದಿಂದ. ಮ್ಯಾನಿಫೋಲ್ಡನ್ನು ಹಿಡಿದು ಉತ್ತರಕ್ಕೆ ಏರಿ, ವೆಟ್ಟನ್ ಗ್ರಾಮದ ಮೇಲೆ ಪೂರ್ವಕ್ಕೆ ದಾಟಿ, ಮಿಲ್‌ಡೇಲಿನಿಂದ ಡವ್ ನದಿಯೊಡನೆ ದಕ್ಷಿಣಕ್ಕೆ ಇಳಿದರೆ, ನಡುವಣ ಗುಡ್ಡನಾಡು ದಿನವೆಲ್ಲ ಬಲಗಡೆಗೇ ಇರುವುದು. ಶಾಸ್ತ್ರೋಕ್ತವಾದ ಪ್ರದಕ್ಷಿಣೆಯೇ ಆಯಿತಲ್ಲವೆ! 12 ಮೈಲಿಗೆ ಕಡಿಮೆಯಿಲ್ಲದ ದಾರಿ. ಆದರೆ ಜೂನ್ ಜುಲೈಗಳಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುವುದರಿಂದ ಅವಸರಪಡಬೇಕಾದುದಿಲ್ಲ.

ಐಲಮ್ ಹಾಲ್ ಎಂಬ ಮಹಲಿನ ಉದ್ಯಾನದಲ್ಲಿ ಬಂಡೆಯ ಬುಡದಿಂದ ನೀರು ಕುದಿಯುವ ಎಸರಿನಂತೆ ಉಕ್ಕುತ್ತಿರುವುದನ್ನು ನಾವು ಮೊದಲು ನೋಡಿದೆವು. ಅಲ್ಲಿಂದ ಮೇಲಕ್ಕೆ ನಡೆದರೆ ನದಿಯಿಲ್ಲ. ನದಿಯ ಪಾತ್ರ ಮಾತ್ರವಿದೆ. ದಾರಿಯು ಕೆಲವೆಡೆ ಗುಡ್ಡವೇರಿ ಮತ್ತೆ ಪಾತ್ರಕ್ಕೆ ಇಳಿಯುವುದು. ಬಿಳಿಯ ಗುಂಡುಗಲ್ಲುಗಳು, ಅವುಗಳ ನಡುವೆ ನಮ್ಮ ಕೆಸುವಿನೆಲೆಯನ್ನು ಹೋಲುವ ಅಗಲವಾದ ಎಲೆಗಳ ಗಿಡ, ಮೇಲೆ ಸೇತುವೆ; ಕೆಳಗೆ ತೊಟ್ಟು ನೀರಿಲ್ಲ.

ಕಾರಣವು ಸುಣ್ಣಕಲ್ಲು. ಸುಮಾರು 33 ಕೋಟಿ ವರ್ಷಗಳ ಹಿಂದೆ ಈ ಪ್ರದೇಶವು ಬೆಚ್ಚನೆಯ ಆಳವಿಲ್ಲದ ಸಮುದ್ರವಾಗಿತ್ತು. ಅದರ ಜೀವಿಗಳ ಚಿಪ್ಪುಗಳು ಪದರಪದರವಾಗಿ ಬಿದ್ದು ಈ ಕಲ್ಲಾಯಿತು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುವುದು. ಆ ಹುಳಿಯು ಕಲ್ಲನ್ನು ಕರಗಿಸುವುದು. ಬಚ್ಚಲ ಹಂಡೆಯೊಳಗೆ ಬಿಳಿಯ ಪದರ ಕಟ್ಟುವುದನ್ನು ಕಂಡ ಗೃಹಿಣಿಯರು, ಹಾಗೆ ಕರಗಿಹೋದ ಸುಣ್ಣವು ಕಾಯಿಸಿದಾಗ ಮರಳಿ ಗಟ್ಟಿಯಾಗುವುದನ್ನೇ ಕಂಡಿರುವರು. ಹೀಗೆ ಬಿರುಕುಗಳು ಸುರಂಗಗಳಾಗಿ, ಬೇಸಗೆಯ ತೆಳುವಾದ ಪ್ರವಾಹವೆಲ್ಲ ವೆಟ್ಟನ್ ಮಿಲ್ ಎಂಬಲ್ಲಿ ಒಳಕ್ಕೆ ಇಂಗಿ ಐಲಮ್ಮಿನಲ್ಲಿ ಏಳುವುದು. ಮಳೆಗಾಲದ ನೀರು ಸುರಂಗಗಳಲ್ಲಿ ಹಿಡಿಸದಿದ್ದಾಗ ಮೇಲಣ ಪಾತ್ರವೂ ತುಂಬುವುದು.

ಎರಡೂ ಒಂದೇ ನೀರೆಂಬುದಕ್ಕೆ ಪ್ರಮಾಣವೇನು? 18ನೆಯ ಶತಮಾನದಲ್ಲಿ ಇಂಗ್ಲಿಷ್ ನಿಘಂಟುಕಾರ ಡಾಕ್ಟರ್ ಜಾನ್ಸನ್ ಇಲ್ಲಿಗೆ ಬಂದಿದ್ದನು. ನದಿ ಮುಳುಗುವಲ್ಲಿ ಬೆಂಡಿನ ಬಿರಡೆಗಳನ್ನು ಹಾಕಿ, ನೀರು ಏಳುವಲ್ಲಿ ಬಲೆಯೊಡ್ಡಿ ಅವುಗಳನ್ನು ಹಿಡಿದಿದ್ದೆನೆಂದು ತೋಟಗಾರನು ಹೇಳಿದರೂ ಜಾನ್ಸನ್ ನಂಬಲಿಲ್ಲವೆಂದು ಅವನ ಚರಿತ್ರಕಾರ ಬಾಸ್ವೆಲ್ ಬರೆದಿರುವನು. ನಮಗೆ ನ್ಯಾಯಶಾಸ್ತ್ರವು ನೆನಪಿಗೆ ಬಂದಿತು. ತುಂಬಿ ಕೆಂಪಾದ ಹೊಳೆಯಿಂದ ಮೇಲೆ ಮಳೆಯಾಗಿದೆಯೆಂದು ಊಹಿಸುವುದು ವಾತ್ಸ್ಯಾಯನನ ಭಾಷ್ಯದಲ್ಲಿ ಅನುಮಾನಪ್ರಮಾಣಕ್ಕೆ ಕೊಟ್ಟ ಉದಾಹರಣೆ. ಹೊಳೆಗೆ ತಡೆಬಿದ್ದರೂ ನೀರೇರಬಹುದಲ್ಲವೆಂಬ ಆಕ್ಷೇಪವನ್ನು ಸೂತ್ರಕಾರನೇ ಎತ್ತಿ ಪರಿಹರಿಸುವನು. ಸಂದೇಹವು ತಪ್ಪಲ್ಲ. ಆದರೆ ಸಂದೇಹಿಸಿದವನು ಹೇತುವನ್ನು ಕೊಡಬೇಕು, ಇಲ್ಲವೆ ತಾನೇ ಒಂದು ಬಿರಡೆಯನ್ನು ತೇಲಿಬಿಟ್ಟು ನೋಡಬೇಕು. ಪಂಡಿತನ ಅವಿಶ್ವಾಸಕ್ಕಿಂತ ತೋಟಗಾರನ ಬಲೆಯೇ ನಮಗೆ ಹೆಚ್ಚು ಶಾಸ್ತ್ರೀಯವಾಗಿ ತೋರಿತು.

ಮುಂದೆ ದಾರಿಯು ಹಳೆಯ ರೈಲುಹಾದಿಯನ್ನು ಸೇರುವುದು. 1904ರಲ್ಲಿ ಆರಂಭವಾಗಿ 1934ರಲ್ಲಿ ನಿಂತುಹೋದ ಈ ಎರಡೂವರೆ ಅಡಿಯ ಹಳಿಯ ರೈಲನ್ನು ನಿರ್ಮಿಸಿದ ಎಂಜಿನಿಯರ್ ಕ್ಯಾಲ್‌ಥ್ರಪ್, ಅದಕ್ಕೆ ಮೊದಲೇ ನಮ್ಮ ಬಾರ್ಸಿ ಲೈಟ್ ರೈಲ್ವೆಯನ್ನು ಕಟ್ಟಿದವನು! ಮಿರಜಿನಿಂದ ಆ ಸಣ್ಣ ಗಾಡಿಯಲ್ಲಿ ಪಂಢರಪುರಕ್ಕೆ ಹೋದ ಹಿರಿಯರು ನಮ್ಮ ಉತ್ತರದ ಜಿಲ್ಲೆಗಳಲ್ಲಿ ಇನ್ನೂ ಇದ್ದಾರೆ. 1937ರಲ್ಲಿ ಹಳಿಯ ಜಾಗವು ಕಾಲುದಾರಿಯಾಯಿತು. ಮೊಣಕಾಲು ನೋಯುವವರಿಗೂ ಅದು ಸುಗಮ.

ಥಾರ್ಸ್ ಕೇವ್ ಎಂಬ ಗುಹೆ ಹಾಗಲ್ಲ. ಕಣಿವೆಯ ತಳದಿಂದ ಸುಮಾರು 80 ಮೀಟರು ಎತ್ತರದಲ್ಲಿ, 10 ಮೀಟರಿನ ಬಾಯಿ ತೆರೆದು ನಿಂತಿದೆ. ಹೆಜ್ಜೆಗಳಿಂದ ನುಣುಪಾದ ಕಲ್ಲು ಒದ್ದೆಯಾಗಿದ್ದರೆ ಎಣ್ಣೆ ಸವರಿದಂತೆ ಜಾರುವುದು. ಮಳೆ ಬಂದ ದಿನ ಕೆಳಗಿನಿಂದಲೇ ಕೈಮುಗಿಯುವುದು ಲೇಸು. 1864ರಲ್ಲಿ ಇದನ್ನು ಅಗೆದು ಪ್ರಾಚೀನ ಮಾನವವಾಸದ ಕುರುಹುಗಳನ್ನು ಹೊರತೆಗೆದ ಸ್ಯಾಮ್ಯುಯೆಲ್ ಕ್ಯಾರಿಂಗ್ಟನ್ ವೆಟ್ಟನ್ನಿನ ಶಾಲಾ ಉಪಾಧ್ಯಾಯನು. ನಮ್ಮ ವೃತ್ತಿಬಾಂಧವನೆಂದು ತಿಳಿದಾಗ ಸಂತೋಷವಾಗದಿದ್ದೀತೆ?

ಗುಡ್ಡ ದಾಟಿ ಮಿಲ್‌ಡೇಲಿಗೆ ಇಳಿದರೆ ಸರಕು ಹೊತ್ತ ಕುದುರೆಗಳಿಗಾಗಿ ಕಟ್ಟಿದ ಕಿರಿದಾದ ಕಲ್ಲುಸೇತುವೆ. ಐಸಾಕ್ ವಾಲ್ಟನ್ 1653ರಲ್ಲಿ ಪ್ರಕಟಿಸಿದ ಮೀನುಗಾರಿಕೆಯ ಗ್ರಂಥಕ್ಕೆ ಚಾರ್ಲ್ಸ್ ಕಾಟನ್ 1676ರಲ್ಲಿ ಸೇರಿಸಿದ ಭಾಗದಲ್ಲಿ ಬರುವ ಪಥಿಕನ ಹೆಸರಿನಿಂದಲೇ ಇದು ಪ್ರಸಿದ್ಧವಾಗಿದೆ. ಇಲ್ಲಿಂದ ಕೆಳಗೆ ಡವ್ ನದಿಯು ಕಡಿದಾದ ಬಂಡೆಗಳ ನಡುವೆ ಬೇಸಗೆಯಲ್ಲಿಯೂ ತಿಳಿಯಾಗಿ ಹರಿಯುವುದು. ನೋಟವು ಮನೋಹರವಾದರೂ ಜನಸಂದಣಿ ವಿಪರೀತ. ಭಾನುವಾರ ಜಾತ್ರೆಯೇ ಸರಿ. ನಮಗಂತೂ ಒಣಗಿದ ಮ್ಯಾನಿಫೋಲ್ಡಿನ ಮೌನವೇ ಹಿಡಿಸಿತು.

ಥಾರ್ಪ್ ಕ್ಲೌಡ್ ಬೆಟ್ಟದ ಅಡಿಯಲ್ಲಿ ನದಿಗಡ್ಡವಾಗಿ ಇಟ್ಟಿರುವ ದಾಟುಗಲ್ಲುಗಳ ಮೇಲೆ ಹೆಜ್ಜೆಯಿಟ್ಟು ಆಚೆ ದಡ ಸೇರಿ, ಹೊಲಗಳ ನಡುವೆ ಐಲಮ್ಮಿಗೆ ಬರಬೇಕು. ನೆಲದೊಳಗಿಂದ ಬೆಳಿಗ್ಗೆ ಎದ್ದುದನ್ನು ಕಂಡ ನೀರು, ಊರಿಗೆ ಸ್ವಲ್ಪ ಕೆಳಗೆ ಡವ್ ನದಿಯನ್ನು ಕೂಡಿಕೊಂಡು, ಟ್ರೆಂಟ್ ನದಿಯ ಮೂಲಕ ಉತ್ತರಸಮುದ್ರಕ್ಕೆ ಹೋಗುವುದು.